ಕಾಕು ಹಿಡಿದ ನೇಮ, ನಾನು ಅಂದ ಹೂಂ

ಎರಡು ತಿಂಗಳ ಹಿಂದೆ ನಾನೊಂದು ಜೋಕ್ ಮಾಡಿದೆ. ಕೇಳಿದವರು ಒಬ್ಬರೇ, ನಮ್ಮ ಕಾಕು. ಆಕೆ ನಗಲಿಲ್ಲ. ಸೀದಾ ದೇವರ ಮುಂದೆ ಹೋಗಿ ನೇಮ ತಗೊಂಡಳು.

ನಾನು ಈ ಅಂಕಣದಲ್ಲಿ ವಾರವಾರ ಜೋಕ್ ಮಾಡುತ್ತೇನೆ. ನೀವು ಓದುತ್ತೀರಿ, ನಗುತ್ತೀರಿ, ಮಡಚಿ ಇಡುತ್ತೀರಿ. ಅದರಿಂದ ಯಾರ ಹೊಲದಲ್ಲೂ ಏನೂ ಬದಲಾಗಿದ್ದಿಲ್ಲ. ಈ ಸಲ ಬದಲಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಹಿರಿಯರ ಮುಂದೆ ಜೋಕ್ ಮಾಡುವ ಮೊದಲು ಅವರು ಅದನ್ನು ನಂಬಿಬಿಟ್ಟರೆ ಏನು ಗತಿ ಎಂದು ಒಮ್ಮೆ ಯೋಚಿಸಿ.

ಕಾಕು ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಚಿಗವ್ವ ಅನ್ನಬೇಕು. ಆದರೆ ನಮ್ಮದು ಗಡಿ ಸೀಮೆ, ಮನೆಯೊಳಗೆ ಕನ್ನಡ ಮರಾಠಿ ಎರಡೂ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಹಾಗಾಗಿ ಆಕೆ ಕಾಕು. ಊರು ಜುಗೂಳ. ಕೃಷ್ಣೆಯ ದಂಡೆ, ಕಣ್ಣು ಹಾಯುವಷ್ಟು ದೂರ ಕಬ್ಬು. ವಯಸ್ಸು ಎಪ್ಪತ್ತು ದಾಟಿದೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಆಕೆಯ ಬಾಯಿಗೆ ಒಂದು ತುತ್ತು ಹೋಗುವುದಿಲ್ಲ. ಉಳ್ಳಾಗಡ್ಡಿ, ಬಟಾಟೆ, ಬಳ್ಳೊಳ್ಳಿ ಆಕೆಯ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. (ಮಗ ಬಾಳಾಸಾಬ ಕಾಗವಾಡ ರಸ್ತೆಯ ಧಾಬಾದಲ್ಲಿ ಯಾವ ಹೊಸ್ತಿಲು ದಾಟುತ್ತಾನೆ ಎಂಬುದು ಬೇರೆ ಮಾತು. ಅದನ್ನು ಬರೆದರೆ ನನಗೆ ಜುಗೂಳದಲ್ಲಿ ಊಟ ಹುಟ್ಟುವುದಿಲ್ಲ.)

ಕಾಕು ನೀರು ಸೋಸುವುದನ್ನು ನೀವು ನೋಡಬೇಕು. ನಳ ಬಂದು ಎಷ್ಟೋ ವರ್ಷವಾಯಿತು. ಫಿಲ್ಟರ್ ಮಶೀನೂ ಗೋಡೆಗೆ ನೇತಾಡುತ್ತಿದೆ. ಆಕೆಗೆ ಮಾತ್ರ ಹಿತ್ತಲ ಬಾವಿಯೇ ಬೇಕು. ಬಿಳಿ ಬಟ್ಟೆಯನ್ನು ಎರಡು ಪದರು ಮಾಡಿ ಕೊಡದ ಬಾಯಿಗೆ ಹಾಕಿ, ಬಾವಿಯ ನೀರನ್ನು ಸಾವಕಾಶ ಸುರಿಯುತ್ತಾಳೆ. ನಾವು ನೀವಾದರೆ ಅಲ್ಲಿಗೆ ಕೆಲಸ ಮುಗಿಯಿತು. ಆಕೆಗೆ ಅಲ್ಲಿಂದ ಶುರು. ಸೋಸಿದ ನೀರನ್ನೇ ಸ್ವಲ್ಪ ತೆಗೆದುಕೊಂಡು, ಬಟ್ಟೆಯನ್ನು ಬೋರಲು ಹಿಡಿದು ಜಾಲಿಸಿ, ಆ ನೀರನ್ನು ಬಕೆಟ್ಟಿನಲ್ಲಿ ಬಾವಿಯ ತಳದವರೆಗೆ ಇಳಿಸಿ ಮೆಲ್ಲಗೆ ಬಿಡುತ್ತಾಳೆ. ಮೇಲಿಂದ ಚೆಲ್ಲುವಂತಿಲ್ಲ, ಬಟ್ಟೆಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಕ್ಕೆ ಪೆಟ್ಟಾಗುತ್ತದೆ. ಬೇರೆ ಬಾವಿಗೂ ಬಿಡುವಂತಿಲ್ಲ. ಯಾವ ನೀರಿನಿಂದ ಬಂತೋ ಆ ನೀರಿಗೇ ಅದು ಮರಳಬೇಕು.

ಚಿಕ್ಕವನಿದ್ದಾಗ ಇದು ನನಗೆ ಆಟ. ಕಾಲೇಜಿಗೆ ಹೋದಾಗ ಮೂಢನಂಬಿಕೆ. ಈಗ ನಾನೇ ಚಿಕ್ಕೋಡಿಯಲ್ಲಿ ಕಾಲೇಜು ಮಾಸ್ತರ, ಹಾಗಾಗಿ ಇದು ಭಾಷಣದಲ್ಲಿ ಹೇಳಲು ಒಳ್ಳೆಯ ಉದಾಹರಣೆ. ಒಮ್ಮೆಯೂ ಆ ಬಟ್ಟೆಯನ್ನು ನನ್ನ ಕೈಯಲ್ಲಿ ಹಿಡಿದವನಲ್ಲ.

ಇರಲಿ, ಜೋಕಿಗೆ ಬರುತ್ತೇನೆ. ಅವತ್ತು ಅಮಾವಾಸ್ಯೆ. ಕಾಕುವಿಗೆ ಸ್ತವನಿಧಿಗೆ ಹೋಗಬೇಕಿತ್ತು. (ನಮ್ಮ ಜನರ ಬಾಯಲ್ಲಿ ತವನಿಧಿ. ನಿಪ್ಪಾಣಿಯಿಂದ ಹೈವೇ ಹಿಡಿದರೆ ಘಾಟಿನಲ್ಲಿ ಸಿಗುವ ಕ್ಷೇತ್ರ.) ಬಾಳಾಸಾಬನಿಗೆ ಕಬ್ಬು ಕಡಿಯುವ ಗ್ಯಾಂಗಿನವರ ಹಿಂದೆ ಓಡಾಡುವ ಕೆಲಸ. ಡ್ರೈವರ್ ಡ್ಯೂಟಿ ನನಗೆ ಬಿತ್ತು. ಬೆಳಿಗ್ಗೆ ಜುಗೂಳಕ್ಕೆ ಹೋಗಿ ಕಾಕುವನ್ನು ಕಾರಿನಲ್ಲಿ ಕೂರಿಸಿಕೊಂಡೆ. ಆಕೆಯ ಮಡಿಲಲ್ಲಿ ಎರಡು ಸಾಮಾನು. ಸೋಸಿದ ನೀರಿನ ತಂಬಿಗೆ ಒಂದು, ಮಡಚಿದ ಬಿಳಿ ಬಟ್ಟೆ ಒಂದು.

ಚಿಕ್ಕೋಡಿ ಇನ್ನೂ ಬಂದಿರಲಿಲ್ಲ. ರಸ್ತೆ ಪಕ್ಕದ ಹೊಲದಿಂದ ಹೊಗೆ ಎದ್ದಿತು. ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣಗಿದ ಎಲೆ ಬಿದ್ದಿರುತ್ತದೆ. ಅದಕ್ಕೆ ನಮ್ಮಲ್ಲಿ ರವದಿ ಅನ್ನುತ್ತಾರೆ. ಮಂಡಿಮಟ್ಟ ಬಿದ್ದ ರವದಿಯಲ್ಲಿ ನೀರು ಹರಿಯುವುದಿಲ್ಲ, ಎತ್ತಿ ಹಾಕಲು ಆಳು ಸಿಗುವುದಿಲ್ಲ. ಆದ್ದರಿಂದ ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಸಾಫ್. ಜೈನರ ಹೊಲ, ಲಿಂಗಾಯತರ ಹೊಲ, ಮುಸಲ್ಮಾನರ ಹೊಲ ಎಂಬ ಭೇದ ಇದರಲ್ಲಿ ಇಲ್ಲ. ಅಥಣಿಯಿಂದ ನಿಪ್ಪಾಣಿವರೆಗೆ ಎಲ್ಲರೂ ಸುಡುತ್ತೇವೆ. ಸುಗ್ಗಿಯಲ್ಲಿ ನಮ್ಮ ಕಡೆ ಬಿಳಿ ಅಂಗಿ ಒಣಹಾಕಿ ನೋಡಿ, ಸಂಜೆಗೆ ಕರಿ ಚುಕ್ಕಿಯ ಅಂಗಿ ಸಿಗುತ್ತದೆ.

ಕಾಕು ಮೂಗಿಗೆ ಸೆರಗು ಹಿಡಿದಳು. ನಾನು ಬಿಡುತ್ತೇನೆಯೇ? ನಾಲಿಗೆ ತುರಿಸಿತು.

"ಕಾಕು, ನೀರಿನ್ಯಾಗಿನ ಹುಳಾ ಉಳಸಾಕ ಎರಡ ಪದರಿನ ಅರಿವಿ. ಹೊಲದಾಗಿನ ಹುಳಾ ಸುಡಾಕ ಒಂದ ಕಡ್ಡಿಪೆಟ್ಟಿಗಿ. ಭಾರಿ ಲೆಕ್ಕ ನಿಮ್ದು" ಅಂದೆ.

ಗಮನಿಸಿ, ನಿಮ್ದು ಅಂದೆ. ನಮ್ದು ಅನ್ನಲಿಲ್ಲ.

ಕಾಕು ನನ್ನ ಕಡೆ ನೋಡಿದಳು. ಆಮೇಲೆ ತನ್ನ ಮಡಿಲಲ್ಲಿದ್ದ ಬಟ್ಟೆಯ ಕಡೆ ನೋಡಿದಳು. ಸಿಟ್ಟಾದಳು ಅಂದುಕೊಂಡೆ. ನಿಪ್ಪಾಣಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತೀಯಾ ಅಂತ ಕೇಳಿದೆ, ಬೇಡ ಅಂತ ಕೈ ಆಡಿಸಿದಳು.

ನಮ್ಮ ಕ್ಷೇತ್ರಗಳ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಲ್ಲಿ ಪ್ರಸಾದ ಇರುವುದಿಲ್ಲ. ಜಿನನ ಮುಂದೆ ಇಟ್ಟ ಅಕ್ಕಿ, ಹಣ್ಣು ಅಲ್ಲಿಗೇ ಬಿಟ್ಟಂತೆ, ಮರಳಿ ಮನೆಗೆ ತರುವಂತಿಲ್ಲ. ಬೇರೆ ಗುಡಿಗೆ ಹೋದವರು ಲಾಡು ತರುತ್ತಾರೆ, ಕುಂಕುಮ ತರುತ್ತಾರೆ. ನಾವು ಬರಿಗೈಯಲ್ಲಿ ಬರುತ್ತೇವೆ. ತರಬಹುದಾದದ್ದು ಒಂದೇ, ನೇಮ. ಅಲ್ಲಿರುವ ಮುನಿಗಳ ಎದುರು, ಮಾತಾಜಿಗಳ ಎದುರು ಕೈಮುಗಿದು ಏನನ್ನಾದರೂ ಬಿಡುತ್ತೇನೆ ಅಂತ ಹೇಳಿ ಬರಬೇಕು. ಅಂದರೆ ನಮ್ಮವರು ಯಾತ್ರೆಗೆ ಹೋಗುವುದು ಏನೋ ಪಡೆಯಲು ಅಲ್ಲ, ಬಿಟ್ಟು ಬರಲು. (ಈಗೀಗ ಸೆಲ್ಫಿ ಪಡೆಯುತ್ತೇವೆ. ಅದನ್ನು ಮಾತ್ರ ಯಾರೂ ಬಿಡುತ್ತಿಲ್ಲ.)

ದರ್ಶನ ಮುಗಿಯಿತು. ಅವತ್ತು ಅಲ್ಲಿ ಒಬ್ಬರು ಮಾತಾಜಿ ತಂಗಿದ್ದರು. ಬಿಳಿ ಸೀರೆ, ಪಕ್ಕದಲ್ಲಿ ನವಿಲುಗರಿಯ ಪಿಂಛಿ. ಉತ್ತರದ ಕಡೆಯವರು, ಮಾತೆಲ್ಲ ಹಿಂದಿ. ಮುಂದೆ ಹತ್ತಿಪ್ಪತ್ತು ಜನರ ಸಾಲು. ರಾಯಬಾಗದ ಕಿರಾಣಿ ಅಂಗಡಿಯವರೊಬ್ಬರು ಒಂದು ವರ್ಷ ಬಟಾಟೆ ಬಿಟ್ಟರು. ಹಾರೂಗೇರಿಯ ಹೆಣ್ಣುಮಗಳು ಚಾತುರ್ಮಾಸದ ತನಕ ಚಹಾ ಬಿಟ್ಟಳು. ಒಬ್ಬ ಕಾಲೇಜು ಹುಡುಗಿ ಪಾನಿಪೂರಿ ಬಿಟ್ಟಳು, ಅವಳ ಮುಖ ನೋಡಿದರೆ ನಿಜಕ್ಕೂ ದೊಡ್ಡ ತ್ಯಾಗ ಅನಿಸಿತು. ಕಾಕುವಿನ ಪಾಳಿ ಬಂತು. ಕೈಮುಗಿದು ಹೇಳಿದಳು.

"ನಮ್ಮ ಹೊಲದಾಗ ಇನ್ನ ರವದಿ ಸುಡಂಗಿಲ್ರಿ ಅವ್ವಾರ. ಇರೂತನಕ."

ಮಾತಾಜಿಗೆ ಅರ್ಥವಾಗಲಿಲ್ಲ. ರವದಿ ಅಂದರೆ ಏನು ಅಂತ ಸುತ್ತ ನೋಡಿದರು. ಅಲ್ಲಿದ್ದವರಲ್ಲಿ ಹಿಂದಿ ಚೆನ್ನಾಗಿ ಬರುವವನು ನಾನೊಬ್ಬನೇ. ಹೀಗೆ ನನ್ನ ಜೋಕನ್ನು ನಾನೇ ಹಿಂದಿಗೆ ತರ್ಜುಮೆ ಮಾಡುವ ಯೋಗ ಬಂತು. ಕಬ್ಬಿನ ಒಣ ಎಲೆ, ಅದಕ್ಕೆ ಬೆಂಕಿ, ಅದರೊಳಗೆ ಹುಳ, ಹಾವು, ಇಲಿ, ಹಕ್ಕಿಯ ಗೂಡು ಅಂತ ವಿವರಿಸಿದೆ. ಮಾತಾಜಿ ಕಾಕುವಿನ ಕಡೆ ತಿರುಗಿದರು. ಒಕ್ಕಲುತನ ಮಾಡುವವರು ಯಾರು ಅಂತ ಕೇಳಿದರು. ಮಗ ಅಂತ ಕಾಕು ಹೇಳಿದಳು. ಅವನು ಒಪ್ಪುತ್ತಾನೆಯೇ ಅಂದರು.

"ಹೊಲಾ ನನ್ನ ಹೆಸರಿಲೆ ಐತ್ರಿ" ಅಂದಳು ಕಾಕು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾತಾಜಿಯೂ ನಕ್ಕು, ಆಮೇಲೆ ಒಂದು ಮಾತು ಹೇಳಿದರು. ಅದನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳು ಅಂತ ನನಗೇ ಸನ್ನೆ ಮಾಡಿದರು. ನಾನು ಪಾಠ ಮಾಡುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ: ತಾನೇ ಮಾಡುವುದು, ಇನ್ನೊಬ್ಬರ ಕೈಯಿಂದ ಮಾಡಿಸುವುದು, ಮಾಡುವವರಿಗೆ ಹೂಂ ಅನ್ನುವುದು, ಮೂರರ ಪಾಪವೂ ಒಂದೇ. ಕೈಗೆ ಮಸಿ ಹತ್ತಲಿಲ್ಲ ಅಂತ ಯಾರೂ ಪಾರಾಗುವುದಿಲ್ಲ.

ಚೆನ್ನಾಗಿ ಹೇಳಿದೆ. ಕಿರಾಣಿ ಅಂಗಡಿಯವರು ತಲೆದೂಗಿದರು. ನನಗೆ ನನ್ನ ಬಗ್ಗೆಯೇ ಖುಷಿಯಾಯಿತು.

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ನಮ್ಮವರು ಬೈಯಲಿ. ನಮ್ಮ ನೇಮಗಳೆಲ್ಲ ನಾಲಿಗೆಯ ಮೇಲೆಯೇ ಯಾಕೆ? ಅಹಿಂಸೆಯನ್ನು ನಾವು ಅಡುಗೆಮನೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿಬಿಟ್ಟಿದ್ದೇವೆ. ಹೋಟೆಲಿಗೆ ಹೋದರೆ ಜೈನ್ ಪಾವ್‌ಭಾಜಿ, ಜೈನ್ ಪಿಜ್ಜಾ. ಒಂದು ಜೈನ್ ಟ್ರ್ಯಾಕ್ಟರ್ ತೋರಿಸಿ ನೋಡೋಣ. ಹಿಂದೆ 'ಜಿಯೋ ಔರ್ ಜೀನೇ ದೋ' ಅಂತ ಬರೆಸಿ, ಎರಡು ಟ್ರೇಲರ್ ತುಂಬ ಕಬ್ಬು ಹೇರಿ, ರಸ್ತೆಯನ್ನೆಲ್ಲ ಆಕ್ರಮಿಸಿ, ಬೈಕಿನವರನ್ನು ಗಟಾರಕ್ಕೆ ಇಳಿಸಿ ಹೋಗುವ ಟ್ರ್ಯಾಕ್ಟರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅಪರಿಗ್ರಹ ಅಂತ ಭಾಷಣ ಕೇಳಿ, ಕೇಳಿದ ಮಂಟಪದಿಂದ ಹೊರಬರುವಾಗ ಪಕ್ಕದವರ ಹೊಸ ಕಾರಿನ ಮಾಡೆಲ್ ವಿಚಾರಿಸುತ್ತೇವೆ. ಇಂಥದ್ದರಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದವಳು, ಚಿಲಕ ತೆಗೆದು ಅಹಿಂಸೆಯನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಅದೂ ನನ್ನ ಒಂದು ಕುಹಕದಿಂದ.

ಮರುದಿನ ಬೆಳಿಗ್ಗೆ ಬಾಳಾಸಾಬನ ಫೋನ್. ನಿನ್ನ ಜೋಕು ನನ್ನ ಹೊಲ ಹೊಕ್ಕಿದೆ ಅಂತ ಶುರು ಮಾಡಿದ. ಅವ್ವ ಬೇಕಾದರೆ ಬೆಲ್ಲ ಬಿಡಲಿ, ತುಪ್ಪ ಬಿಡಲಿ, ನನಗೆ ಯಾಕೆ ನೇಮ ಹಚ್ಚುತ್ತಾಳೆ ಅಂದ. ನೇಮ ಅಂದರೆ ತಾನು ಉಣ್ಣುವುದರ ಬಗ್ಗೆ ಇರಬೇಕು, ಮಗ ಮಾಡುವ ಒಕ್ಕಲುತನದ ಬಗ್ಗೆ ಅಲ್ಲ ಅಂದ. ಅವನ ಮಾತಿನಲ್ಲೂ ಹುರುಳಿತ್ತು. ಆದರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಕಾಕುವಿನದು. (ಈ ಒಂದು ಉತಾರದ ಮುಂದೆ ನಮ್ಮ ಸೀಮೆಯಲ್ಲಿ ಎಂಥೆಂಥ ಗಂಡಸರೂ ತೆಪ್ಪಗಾಗಿದ್ದಾರೆ.)

ಕಾಕುವಿನ ಕಬ್ಬು ಕಡಿದು ಫ್ಯಾಕ್ಟರಿಗೆ ಹೋಯಿತು. ರವದಿ ಉಳಿಯಿತು. ನಾಲ್ಕು ಜನ ಹೆಣ್ಣಾಳುಗಳನ್ನು ಕರೆದುಕೊಂಡು ಕಾಕು ತಾನೇ ಹೊಲಕ್ಕೆ ಇಳಿದಳು. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳೆದು ಹಾಸಿದರು. ಖಾಲಿ ಸಾಲಿನಲ್ಲಿ ನೀರು, ತುಂಬಿದ ಸಾಲಿನ ಮೇಲೆ ಸೆಗಣಿ ನೀರು. ನೋಡಿದವರು ನಕ್ಕರು. ಮುದುಕಿ ಹೊಲಕ್ಕೆ ಹಾಸಿಗೆ ಹಾಸುತ್ತಿದ್ದಾಳೆ ಅಂದರು. ಹಾಸಿದ ರವದಿಯಲ್ಲಿ ಇಲಿ ಸಂಸಾರ ಹೂಡುತ್ತವೆ ಅಂದರು. ಕಾಕು ಮುಂದಿನ ಸಾಲಿಗೆ ಹೋದಳು. ಹೆದರಲಿಲ್ಲ. ಆಕೆಗೆ ಅನುಮಾನ ಎಂಬುದೇ ಇರಲಿಲ್ಲ, ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಈಗ ನನ್ನ ಹೊಲದ ಸಂಗತಿ. ಹೌದು, ನನಗೂ ಹೊಲ ಇದೆ. ಕಾಕುವಿನ ಹೊಲಕ್ಕೆ ಹತ್ತಿಯೇ ಎರಡು ಎಕರೆ, ನಡುವೆ ಒಂದು ಒಡ್ಡು. ಅಪ್ಪ ತೀರಿಕೊಂಡ ಮೇಲೆ ಅದನ್ನು ಪಾಲಿಗೆ ಮಾಡುತ್ತಿರುವವನು ದಸ್ತಗೀರ್. ಅಪ್ಪನ ಕಾಲದಿಂದಲೂ ನಮ್ಮ ಮನೆಗೆ ಬಳಕೆಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಆದರೂ ನನಗೆ ಅಣ್ಣಾರ ಅನ್ನುತ್ತಾನೆ. ಏನೇ ಇದ್ದರೂ ಫೋನ್ ಮಾಡಿ ಕೇಳಿಯೇ ಮಾಡುತ್ತಾನೆ. ನೀರು ಬಿಡಲೇ, ಗೊಬ್ಬರ ಹಾಕಲೇ. ನಾನು ಹೂಂ ಅನ್ನುತ್ತೇನೆ. ಅಷ್ಟು ನನ್ನ ಒಕ್ಕಲುತನ.

ನನ್ನ ಹೊಲದ ಕಬ್ಬು ಕಡಿದಾದ ಮೇಲೆ ಒಂದು ದಿನ, ನಾನು ಬಹಳ ಬಿಜಿ. ಮರುದಿನ ಕಾಲೇಜಿನಲ್ಲಿ ನನ್ನ ಭಾಷಣವಿತ್ತು. ವಿಷಯ ಏನು ಅಂತ ಕೇಳಿ: 'ಅಹಿಂಸೆ, ಇಂದಿನ ಅಗತ್ಯ'. ಕಾಕು ನೀರು ಸೋಸುವ ಪ್ರಸಂಗವನ್ನೇ ಬರೆಯುತ್ತಿದ್ದೆ. ಬಟ್ಟೆಯನ್ನು ಬೋರಲು ಹಿಡಿದು ಜಾಲಿಸುವ ವಾಕ್ಯಕ್ಕೆ ಬಂದಿದ್ದೆ. ಫೋನ್ ಬಂತು. ಸ್ಪೀಕರಿಗೆ ಹಾಕಿ, ಪೆನ್ನು ಕೆಳಗೆ ಇಡದೆ, ಹೇಳ್ರಿ ಅಂದೆ.

"ಅಣ್ಣಾರ, ನಮ್ಮ ಕಬ್ಬ ಹೋತ್ರಿ. ರವದಿ ಏನ ಮಾಡೂಣ್ರಿ? ಕಾಕುನಂಗ ಸಾಲಿಗೆ ಹಾಸೂಣೋ, ಸುಟ್ಟ ಬಿಡೂಣೋ?"

ಅವನು ಕೇಳಿದ. ಎರಡೂ ದಾರಿ ಹೇಳಿ ಕೇಳಿದ. ಇದನ್ನು ಮರೆಯಬೇಡಿ.

"ಹೂಂ, ಸುಟ್ಟ ಬಿಡ್ರಿ" ಅಂದೆ. ವಾಕ್ಯ ಮುಂದುವರಿಸಿದೆ.

ಮಧ್ಯಾಹ್ನ ಹೊಳೆಯ ಕಡೆಯಿಂದ ಗಾಳಿ ಎದ್ದಿತಂತೆ. ದಸ್ತಗೀರ್ ಒಡ್ಡಿನುದ್ದಕ್ಕೂ ನೀರು ಹೊಡೆದು, ಅಂಚಿನ ರವದಿ ಎಳೆದು, ಬೇಕಾದಷ್ಟು ಜಾಗ್ರತೆ ಮಾಡಿದ್ದ. ಗಾಳಿಗೆ ಅದೆಲ್ಲ ಲೆಕ್ಕವೇ? ಉರಿಯುವ ಎಲೆಗಳು ಹಾರಿ ಒಡ್ಡು ದಾಟಿದವು. ಕಾಕು ಹಾಸಿದ ರವದಿ ಒಣಗಿ ಗರಿಗರಿಯಾಗಿತ್ತು. ದಸ್ತಗೀರ್ ಹಸಿ ಗೋಣಿಚೀಲ ಹಿಡಿದು ಬಡಿದ, ಪಕ್ಕದ ಹೊಲದವರು ಓಡಿ ಬಂದರು. ಬೆಂಕಿ ಆರುವಾಗ ಕಾಕುವಿನ ಹೊಲದಲ್ಲಿ ಅರ್ಧ ಎಕರೆ ಕರ್ರಗಾಗಿತ್ತು. ದಸ್ತಗೀರನ ಮುಂಗೈ ಸುಟ್ಟಿತ್ತು.

ಸಂಜೆ ಬಾಳಾಸಾಬನ ಫೋನ್. ಬೈಗುಳಗಳನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ. ದಸ್ತಗೀರ್ ಬೇಕಂತಲೇ ಸುಟ್ಟಿದ್ದಾನೆ, ಅವ್ವನ ನೇಮ ಊರಿಗೆಲ್ಲ ಗೊತ್ತಿದ್ದೂ ಸುಟ್ಟಿದ್ದಾನೆ, ನಾಳೆಯೇ ಅವನ ಕೈಯಿಂದ ಹೊಲ ಬಿಡಿಸು ಅಂದ. ತನ್ನ ಹೆಂಡತಿಯ ತಮ್ಮ ಇದ್ದಾನೆ, ಅವನಿಗೆ ಪಾಲಿಗೆ ಕೊಡು ಅಂದ. ನಡುವೆ ಒಂದು ಮಾತು ತೂರಿಸಿದ: ಅವ್ವ ಉಪವಾಸ ಕೂತಿದ್ದಾಳೆ. ತನ್ನ ಹೊಲದಲ್ಲಿ ಉರಿಯಿತಲ್ಲ, ನೇಮಕ್ಕೆ ಭಂಗ ಬಂತು, ಅದಕ್ಕೆ ಪ್ರಾಯಶ್ಚಿತ್ತ. ನೀರೂ ಮುಟ್ಟಿಲ್ಲ.

ಆಗ ನಾನು ಹೇಳಬೇಕಾಗಿದ್ದ ವಾಕ್ಯ ಬಹಳ ಸಣ್ಣದು. ಸುಡು ಅಂದವನು ನಾನು. ಮೂರೇ ಪದ. ನಾನು ದಿನಕ್ಕೆ ಸಾವಿರ ಪದ ಬರೆಯುವವನು. ಆ ಮೂರನ್ನು ಮಾತ್ರ ಹೇಳಲಿಲ್ಲ.

"ನೋಡೂಣು" ಅಂದೆ.

ನೋಡೂಣು ಅಂದರೆ ಏನು? ಅದೂ ಒಂದು ಹೂಂ. ದಸ್ತಗೀರನ ಮೇಲೆ ತಪ್ಪು ಹೊರಿಸಲು ನಾನು ಕೊಟ್ಟ ಹೂಂ. ಇಪ್ಪತ್ತು ವರ್ಷ ಆ ಮಣ್ಣಿನಲ್ಲಿ ಬೆವರಿದವನು ಮುಂದಿನ ಹಂಗಾಮಿಗೆ ಯಾರದೋ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದರೆ.

ಮುಚ್ಚಿಕೊಂಡೇ ಇದ್ದೆ, ಎರಡು ದಿನ. ಮರುದಿನ ಭಾಷಣ ಮಾಡಿದೆ. ಬಟ್ಟೆ ಜಾಲಿಸುವ ಪ್ರಸಂಗಕ್ಕೆ ಚಪ್ಪಾಳೆ ಬಿತ್ತು. ಒಬ್ಬ ವಿದ್ಯಾರ್ಥಿನಿ ಬಂದು, ಸರ್ ನಿಮ್ಮ ಕಾಕುವನ್ನು ಒಮ್ಮೆ ನೋಡಬೇಕು ಅಂದಳು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ನಾಚಿಕೆ ಅಂದರೆ ಏನು ಅಂತ ಈ ವಯಸ್ಸಿನಲ್ಲಿ ಸರಿಯಾಗಿ ಗೊತ್ತಾಯಿತು. ಅದು ಬೈಸಿಕೊಂಡಾಗ ಬರುವುದಲ್ಲ, ಹೊಗಳಿಸಿಕೊಂಡಾಗ ಬರುವುದು.

ಭಾನುವಾರ ಜುಗೂಳಕ್ಕೆ ಹೋದೆ. ಮೊದಲು ಹೊಲಕ್ಕೆ. ದಸ್ತಗೀರ್ ಕೈಗೆ ಬಟ್ಟೆ ಸುತ್ತಿಕೊಂಡು ಒಡ್ಡಿನ ಮೇಲೆ ಕೂತಿದ್ದ. ನಾನೇ ಸುಡು ಅಂದೆ ಅಂತ ಬಾಳಾಸಾಬನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಎರಡು ದಿನ ಬೈಸಿಕೊಂಡು ಯಾಕೆ ಸುಮ್ಮನಿದ್ದಿರಿ? ಅವನು ನನ್ನ ಕಡೆ ನೋಡದೆ, ಸುಟ್ಟ ಸಾಲಿನ ಕಡೆ ನೋಡುತ್ತ ಹೇಳಿದ.

"ನೀವ ಹೇಳ್ತೀರಿ ಅಂತ ಬಿಟ್ಟಿದ್ನಿರಿ."

ನಾನು ಭಾಷಣ ಬರೆಯುತ್ತೇನೆ. ಇವನು ಈ ನಾಲ್ಕೇ ಪದದೊಳಗೆ ಎಲ್ಲವನ್ನೂ ಮುಗಿಸಿದ. ಒಂದು ದೂರು ಇಲ್ಲ, ಒಂದು ಚುಚ್ಚು ಇಲ್ಲ. ನನ್ನ ಮೇಲೆ ಅವನಿಗೆ ಇನ್ನೂ ಭರವಸೆ ಇತ್ತು. ನನಗೇ ಇರಲಿಲ್ಲ.

ಅವನನ್ನೂ ಕರೆದುಕೊಂಡು ಮನೆಗೆ ಹೋದೆ. ಕಾಕು ಹಿತ್ತಲಲ್ಲಿ ನೀರು ಸೋಸುತ್ತಿದ್ದಳು. ಬಾಳಾಸಾಬ ಅಲ್ಲೇ ಬೈಕ್ ಒರೆಸುತ್ತಿದ್ದ. ದಸ್ತಗೀರನನ್ನು ಕಂಡದ್ದೇ ಅವನ ಹುಬ್ಬು ಗಂಟಾಯಿತು. ಅವನು ಬಾಯಿ ತೆಗೆಯುವುದರೊಳಗೆ ನಾನು ತೆಗೆದೆ.

"ಸುಡು ಅಂದಾಂವ ನಾನು. ದಸ್ತಗೀರ್ ಫೋನ್ ಮಾಡಿ ಕೇಳಿದಾ. ನಾನ ಹೂಂ ಅಂದ್ನಿ."

ಬಾಳಾಸಾಬನ ಕೈ ಬೈಕಿನ ಸೀಟಿನ ಮೇಲೆ ನಿಂತಿತು. ಕಾಕು ತಿರುಗಿ ನೋಡಲಿಲ್ಲ. ಬಟ್ಟೆ ಬೋರಲು ಹಿಡಿದಳು, ಜಾಲಿಸಿದಳು, ಬಕೆಟ್ಟನ್ನು ಬಾವಿಯ ತಳಕ್ಕೆ ಇಳಿಸಿದಳು, ಹಗ್ಗ ಎಳೆದು ಖಾಲಿ ಬಕೆಟ್ ಮೇಲೆ ತಂದಳು. ಈ ಕೆಲಸಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೈ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು.

"ದಸ್ತಗೀರ ಕೇಳಲಾರದ ಒಂದ ಕಡ್ಡಿ ಎತ್ತಿ ಇಡಾಂವಲ್ಲ. ನನಗ ಅವತ್ತ ಗೊತ್ತಾಗೇತಿ" ಅಂದಳು. ಆಮೇಲೆ, ಒಂದು ಚೂರೂ ದನಿ ಏರಿಸದೆ ಕೇಳಿದಳು. "ತಮ್ಮಾ, ಮಾತಾಜಿ ಮಾತ ನಮಗೆಲ್ಲ ಕನ್ನಡದಾಗ ತಿಳಿಸಿ ಹೇಳಿದಾಂವ ನೀನ ಅಲ್ಲ?"

ಇದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಹಗುರಾಗುತ್ತಿತ್ತು. ಮಾಡುವುದು, ಮಾಡಿಸುವುದು, ಹೂಂ ಅನ್ನುವುದು. ನನ್ನ ಬಾಯಿಂದಲೇ ಹೋದದ್ದು. ಅಲ್ಲಿದ್ದ ಇಪ್ಪತ್ತು ಜನರಲ್ಲಿ ಆ ಮಾತು ಕೇಳಿಸದೆ ಹೋದದ್ದು ಹೇಳಿದವನಿಗೊಬ್ಬನಿಗೆ.

ಕಾಕು ಅಷ್ಟಕ್ಕೇ ಬಿಡಲಿಲ್ಲ. ದಸ್ತಗೀರನ ಮುಂದೆ ಹೋಗಿ ಎರಡೂ ಕೈ ಜೋಡಿಸಿದಳು. ನನ್ನ ಮಗ ಎರಡು ದಿನ ಆಡಬಾರದ್ದು ಆಡಿದ್ದಾನೆ, ನಾನು ಕೇಳಿಸಿಕೊಂಡು ಸುಮ್ಮನಿದ್ದೆ, ಅದೂ ಹೂಂ ಅಂದಂತೆಯೇ, ಕ್ಷಮಾ ಮಾಡು ಅಂದಳು. ದಸ್ತಗೀರ್ ಗಾಬರಿಯಾಗಿ, ಬ್ಯಾಡ್ರಿ ಕಾಕು, ಹಂಗ ಮಾಡಬ್ಯಾಡ್ರಿ ಅಂತ ಹಿಂದೆ ಸರಿದ. ನಮ್ಮಲ್ಲಿ ಭಾದ್ರಪದದ ಪರ್ವ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ ಬರುತ್ತದೆ. ನನ್ನ ಫೋನಿಗೆ ಅವತ್ತು ಮುನ್ನೂರು ಮೆಸೇಜ್ ಬರುತ್ತವೆ, ಕೈಮುಗಿದ ಚಿತ್ರ, ಕೆಳಗೆ ಹೂವು. ನಾನೂ ಅದನ್ನೇ ಮುನ್ನೂರು ಜನಕ್ಕೆ ದಾಟಿಸುತ್ತೇನೆ. ಯಾರ ಹತ್ತಿರ ಕೇಳಬೇಕೋ ಅವರ ಎದುರು ಹೋಗಿ ಕೇಳುವುದನ್ನು ನಾನು ನೋಡಿದ್ದು ಇದೇ ಮೊದಲು. ಅದಕ್ಕೆ ಪರ್ವ ಬರುವತನಕ ಕಾಯಬೇಕಿಲ್ಲ ಅಂತಲೂ ಗೊತ್ತಾಯಿತು.

ಬಾಳಾಸಾಬ ಬೈಕಿನ ಚಿಂದಿಯನ್ನು ಎರಡು ಸಲ ಮಡಚಿದ, ಎರಡು ಸಲ ಬಿಚ್ಚಿದ. ಆಮೇಲೆ ಎದ್ದು ಬಂದು ದಸ್ತಗೀರನ ಸುಟ್ಟ ಕೈ ಹಿಡಿದು ನೋಡಿ, ಅಂಕಲಿ ಡಾಕ್ಟರ್ ಕಡೆ ಹೋಗೂಣು ನಡಿ, ಗಾಡಿ ಹತ್ತು ಅಂದ. ಅವನ ಕ್ಷಮೆಯ ಭಾಷೆ ಅದು. ದಸ್ತಗೀರನಿಗೆ ಅರ್ಥವಾಯಿತು, ಹತ್ತಿ ಕೂತ.

ನನ್ನ ಪಾಲಿಗೆ ಎರಡು ಶಿಕ್ಷೆ. ಒಂದು, ನನ್ನ ಎರಡು ಎಕರೆಗೂ ಅದೇ ನೇಮ. ಎರಡನೆಯದು, ಮರುದಿನ ಉಪವಾಸ. ನನ್ನದು ನಾನು ಮಾಡಿದೆ, ನಿನ್ನದು ನೀನು ಮಾಡು ಅಂದಳು ಕಾಕು, ಹಾಲು ಹಾಕು ಅನ್ನುವಷ್ಟೇ ಸಲೀಸಾಗಿ. ಮಾಡಿದೆ. ಸುಳ್ಳು ಯಾಕೆ ಹೇಳಲಿ, ಮಧ್ಯಾಹ್ನ ಮೂರಕ್ಕೆ ತಡೆಯಲಾರದೆ ಎರಡು ಲೋಟ ನೀರು ಕುಡಿದೆ. (ಸೋಸಿದ್ದು. ಬಟ್ಟೆಯನ್ನು ಜಾಲಿಸಿ ಬಿಡಲು ಚಿಕ್ಕೋಡಿಯ ನನ್ನ ಬಾಡಿಗೆ ಮನೆಯಲ್ಲಿ ಬಾವಿ ಎಲ್ಲಿದೆ ಅಂತ ಅರ್ಧ ತಾಸು ಯೋಚಿಸಿದೆ. ಉತ್ತರ ಇನ್ನೂ ಸಿಕ್ಕಿಲ್ಲ.)

ಈಗ ಕಡಿದ ಬುಡಗಳಿಂದ ಕೂಳೆ ಕಬ್ಬು ಮೊಳಕೆ ಒಡೆದಿದೆ. ಕಾಕುವಿನ ಹೊಲದಲ್ಲಿ ರವದಿ ಹಾಸಿದ ಕಡೆ ಕೈಹಾಕಿದರೆ ಕೆಳಗೆ ತಂಪು, ಎರೆಹುಳು ಸಿಗುತ್ತವೆ. ಸುಟ್ಟ ಅರ್ಧ ಎಕರೆಯಲ್ಲಿ ಸಿಗುವುದಿಲ್ಲ. ಇಳುವರಿ ಎಷ್ಟು ಬರುತ್ತದೋ ನನಗೆ ಗೊತ್ತಿಲ್ಲ, ಹೆಚ್ಚು ಬಂದೇ ಬರುತ್ತದೆ ಅಂತ ಬರೆದು ನಿಮ್ಮನ್ನು ಒಲಿಸುವುದೂ ನನಗೆ ಬೇಕಿಲ್ಲ. ಹೆಚ್ಚು ಬಂದರೆ ಮಾತ್ರ ಸುಡುವುದನ್ನು ಬಿಡುತ್ತೇನೆ ಅನ್ನುವುದು ವ್ಯಾಪಾರ. ಕಾಕು ಸ್ತವನಿಧಿಗೆ ಹೋದದ್ದು ವ್ಯಾಪಾರಕ್ಕಲ್ಲ. ಒಳ್ಳೆಯದನ್ನು ಮಾಡಲು ಲಾಭದ ಗ್ಯಾರಂಟಿ ಕೇಳುವವರು ಮನೆಯಲ್ಲೇ ಇರಬಹುದು, ಅಷ್ಟು ಪೆಟ್ರೋಲಾದರೂ ಉಳಿಯುತ್ತದೆ.

ದಸ್ತಗೀರ್ ಈಗಲೂ ಎಲ್ಲವನ್ನೂ ಕೇಳಿಯೇ ಮಾಡುತ್ತಾನೆ. ನಿನ್ನೆ ಇದನ್ನು ಬರೆಯುತ್ತಿರುವಾಗಲೇ ಫೋನ್ ಬಂತು. ಕೂಳೆಯೊಳಗೆ ಕಸ ಎದ್ದಿದೆ, ಕಸ ಸಾಯುವ ಎಣ್ಣೆ ಹೊಡೆಯಲೇ ಅಂತ ಕೇಳಿದ. ಹಳೇ ಚಾಳಿ, ಹೂಂ ತುಟಿಯವರೆಗೆ ಬಂದಿತ್ತು. ಪೆನ್ನು ಕೆಳಗಿಟ್ಟೆ. ತಡೀರಿ, ನಾಳೆ ನಾನೇ ಬಂದು ನೋಡುತ್ತೇನೆ ಅಂದೆ. ಆ ಕಡೆಯಿಂದ, ಅಣ್ಣಾರ ನೀವ ಏನ್ರಿ ಅಂತ ಕೇಳಿದ. ಅವನಿಗೆ ರಾಂಗ್ ನಂಬರ್ ಅನ್ನಿಸಿರಬೇಕು.

ನನ್ನ ಕಥೆ ಅಷ್ಟು. ಅದಿರಲಿ, ಇವತ್ತು ಬೆಳಿಗ್ಗೆ ಎದ್ದಾಗಿನಿಂದ ನೀವು ಯಾವ್ಯಾವುದಕ್ಕೆ ಹೂಂ ಅಂದಿರಿ?